ದೊಡ್ಡೋನ ಮುಖ

ಅಜ್ಜಿ ಸೊಂಟ ಮುರಿದುಕೊಂಡು ಮಲಗಿದ ವರ್ಷವೇ ನಾನು ಚಿತ್ರ ಬರೆಯುವುದನ್ನು ಕಲಿತದ್ದು. ಬಚ್ಚಲಲ್ಲಿ ಕಾಲು ಜಾರಿ ಬಿದ್ದವಳನ್ನು ತಿಪಟೂರಿಗೆ ಕರೆದೊಯ್ದು, ಈ ವಯಸ್ಸಿಗೆ ಆಪರೇಷನ್ ತಡೆಯುವುದಿಲ್ಲ ಎಂದು ಕೇಳಿಸಿಕೊಂಡು ವಾಪಸು ತಂದು, ನಡುಮನೆಯಲ್ಲಿ ಅಟ್ಟದ ಕೆಳಗೆ ಮಂಚ ಹಾಕಿ ಮಲಗಿಸಿದ್ದರು. ಮಾಯಸಂದ್ರದಲ್ಲಿ ಬಸ್ಸಿಳಿದು ತೋಟಗಳ ಬದುವಿನ ಮೇಲೆ ನಡೆದು ಬರಬೇಕಾದ ಮನೆ ನಮ್ಮದು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ತಿಂಗಳುಗಟ್ಟಲೆ ಹೊಗೆ ಕುಡಿದು ಒಳಗಿನ ನೀರು ಇಂಗಿದ ಮೇಲೆ, ಇಲಿಯೊಂದು ಓಡಿದರೂ ಸಾಕು, ತಲೆಯ ಮೇಲೆ ಗೊಡಗೊಡ ಸದ್ದು. ಅದರ ಕೆಳಗೆ ಅಜ್ಜಿ ಹಗಲೆಲ್ಲ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಕಾಲು ಸತ್ತಿದ್ದವು, ನಾಲಿಗೆ ಸತ್ತಿರಲಿಲ್ಲ. ಮಂಚದ ಪಕ್ಕ ಬಿದಿರಿನ ಕೋಲೊಂದಿತ್ತು. ಬೆಕ್ಕು ಓಡಿಸಲು ಕೊಟ್ಟದ್ದು. ಬೆಕ್ಕಿಗಿಂತ ಹೆಚ್ಚಾಗಿ ಅದು ಅಮ್ಮನ ಮೊಣಕಾಲಿಗೆ, ನನ್ನ ಬೆನ್ನಿಗೆ ಬಳಕೆಯಾಗುತ್ತಿತ್ತು.

ಅಮ್ಮನೂ ಕಡಿಮೆಯವಳಲ್ಲ. ಅಜ್ಜಿಯನ್ನು ಹೊರಳಿಸಿ ಮಲಗಿಸಬೇಕಾದದ್ದು, ಕೆಳಗೆ ಪಾತ್ರೆ ಇಡಬೇಕಾದದ್ದು ಅವಳೇ. ಅಜ್ಜಿ ಕೂಗಿದಾಗ ಅಮ್ಮ ಕೇಳಿಸದವಳ ಹಾಗೆ ಕಾಯಿ ತುರಿಯುತ್ತಲೇ ಇರುತ್ತಿದ್ದಳು. ಎರಡನೆಯ ಹೋಳನ್ನೂ ತುರಿದು, ಈಳಿಗೆ ಮಣೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಆಮೇಲೆ ಏಳುತ್ತಿದ್ದಳು. ಅಷ್ಟರಲ್ಲಿ ಕೆಲವೊಮ್ಮೆ ಹೊತ್ತು ಮೀರಿರುತ್ತಿತ್ತು. ಒದ್ದೆ ಬಟ್ಟೆ ಬದಲಿಸುವಾಗ ಇಬ್ಬರೂ ಮಾತಾಡುತ್ತಿರಲಿಲ್ಲ. ಅಪ್ಪ ತೋಟದಿಂದ ಬಂದು ಉಣ್ಣಲು ಕೂತರೆ ಅವನ ಬಾಯಿಂದ ಬರುತ್ತಿದ್ದದ್ದು ಉಪ್ಪು, ಸಾರು, ಸಾಕು ಅನ್ನುವ ಮೂರು ಮಾತು. ಇಂಥ ಮನೆಗೆ ನನ್ನ ಸೋದರಮಾವ, ಅಮ್ಮನ ತಮ್ಮ, ಒಂದು ಕಂಪ್ಯೂಟರ್ ತಂದ.

ಮಾವ ತುರುವೇಕೆರೆಯ ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದ. ಅಲ್ಲಿಯವರು ಹೊಸ ಸಾಮಾನು ತರಿಸಿ ಹಳೆಯದನ್ನು ಇವನಿಗೆ ಕೊಟ್ಟಿದ್ದರು. ಡಬ್ಬದಂಥ ಪರದೆ, ಅದರ ಜೊತೆ ಒಂದು ಕಪ್ಪು ಹಲಗೆ, ಶಾಯಿಯಿಲ್ಲದ ಒಂದು ಪೆನ್ನು. ಹಲಗೆಯ ಮೇಲೆ ಪೆನ್ನಾಡಿಸಿದರೆ ಗೆರೆ ಹಲಗೆಯ ಮೇಲೆ ಮೂಡದೆ ಎದುರಿನ ಪರದೆಯ ಮೇಲೆ ಮೂಡುತ್ತಿತ್ತು. ಮಾವ ಅದನ್ನು ಟ್ಯಾಬ್ಲೆಟ್ ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಅದು ಸ್ಲೇಟಾಯಿತು. ಸರಿಯಾದ ಪ್ಲಗ್ ಇದ್ದದ್ದು ನಡುಮನೆಯ ಒಂದೇ ಗೋಡೆಯಲ್ಲಿ, ಅಜ್ಜಿಯ ಮಂಚದ ಎದುರಿಗೆ. ಹಾಗಾಗಿ ಮೇಜು ಅಲ್ಲೇ ಬಿತ್ತು. ನಾನು ಕೂತರೆ ನನ್ನ ಬೆನ್ನು ಅಜ್ಜಿಗೆ, ಪರದೆಯೂ ಅಜ್ಜಿಗೆ.

"ನನ್ ಪಟ ಬರ್ಯಕ್ಕೆ ತಂದವ್ನೇನೇ ನಿನ್ ತಮ್ಮ? ಇನ್ನೂ ಸತ್ತಿಲ್ಲ ಅಂತ ಹೇಳು," ಎಂದು ಅಜ್ಜಿ ಅಮ್ಮನಿಗೆ ಹೇಳಿದಳು. ಮಾವ ಕೇಳಿಸಿಕೊಂಡೂ ನಕ್ಕು, ನನ್ನ ಕೈಗೆ ಪೆನ್ನು ಕೊಟ್ಟು ಹಿಂದೆ ನಿಂತ.

"ಕೈ ನೋಡ್ಬೇಡ ಕಣವ್ವ. ಮೇಲೆ ನೋಡು. ಕೈ ಅದರ ಪಾಡಿಗೆ ಬತ್ತದೆ."

ಬರಲಿಲ್ಲ. ಪೆನ್ನು ಎಲ್ಲಿದೆ ಎಂದು ಕೆಳಗೆ ನೋಡಿದರೆ ಗೆರೆ ತಪ್ಪುತ್ತಿತ್ತು. ಮೇಲೆ ನೋಡಿದರೆ ಕೈ ಯಾರದೋ ಅನ್ನಿಸುತ್ತಿತ್ತು. ಹಲಗೆ ನುಣುಪು, ಪೆನ್ನು ಜಾರುತ್ತಿತ್ತು. ಶಾಲೆಯ ಡ್ರಾಯಿಂಗ್ ಪುಸ್ತಕದಲ್ಲಿ ಹೂ ಬಿಡಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದವಳು ನಾನು. ಇಲ್ಲಿ ಒಂದು ನೆಟ್ಟಗಿನ ಗೆರೆ ಎಳೆಯಲಾಗದೆ, ನೀರು ತುಂಬಿದ ಕೊಡ ಹೊತ್ತು ನಡುಗುವವರ ಕೈಯ ಹಾಗೆ ಗೆರೆ ನಡುಗುತ್ತಿತ್ತು. ಮಾವ ಹೋದ ಮೇಲೆ ಗುಂಡಗೆ ಬರೆಯಲು ಹೊರಟೆ. ಹೇಗೆ ಬರೆದರೂ ಅಡ್ಡಡ್ಡ ಉಬ್ಬಿದ ಮೊಟ್ಟೆಯಾಗುತ್ತಿತ್ತು. ನನ್ನ ಕೈಯೇ ಕೆಟ್ಟಿದೆ ಎಂದುಕೊಂಡೆ. ಹಲಗೆಯ ಆಕಾರಕ್ಕೂ ಆ ಹಳೆಯ ಪರದೆಯ ಆಕಾರಕ್ಕೂ ತಾಳೆ ಇರಲಿಲ್ಲ, ಸೆಟ್ಟಿಂಗಿನಲ್ಲಿ ಒಂದು ಗುರುತು ಹಾಕಿದ್ದರೆ ಸರಿಹೋಗುತ್ತಿತ್ತು. ಅದು ತಿಳಿದದ್ದು ಮಾವ ಮುಂದಿನ ಹಬ್ಬಕ್ಕೆ ಬಂದಾಗ. ಅಲ್ಲಿಯತನಕ ನಾನು ಮೊಟ್ಟೆಗಳನ್ನು ಬರೆಯುತ್ತಲೇ ಇದ್ದೆ, ಅಜ್ಜಿ ಹಿಂದಿನಿಂದ ನೋಡುತ್ತಲೇ ಇದ್ದಳು.

"ಏನೇ ಅದು, ಕುಂಬ್ಳಕಾಯಾ?"

"ಗುಂಡಗೆ ಬರೀತಿದೀನಿ ಅಜ್ಜಿ."

"ಅವ್ರಮ್ಮನ ಹೊಟ್ಟೇಲಿ ಹುಟ್ಟಿದ್ದು. ನೆಟ್ಟಗೆ ಬಾ ಅಂದ್ರೆ ಎಲ್ಲಿ ಬತ್ತದೆ?"

ಈಗ ಚಿಕ್ಕನಾಯಕನಹಳ್ಳಿಯಲ್ಲಿ ಬಾಡಿಗೆ ಮನೆಯೊಂದರಲ್ಲಿ ಕೂತು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದೇ ನನ್ನ ಜೀವನ. ಯಾರಾದರೂ ಹೆಗಲ ಮೇಲಿಂದ ಇಣುಕಿದರೆ ಈಗಲೂ ನನ್ನ ಬೆನ್ನಿನ ಚರ್ಮ ಬಿಗಿಯುತ್ತದೆ. ಎಲ್ಲಿ ಕಲಿತಿರಿ ಎಂದು ಕೇಳುವವರಿಗೆ ಮನೆಯಲ್ಲೇ ಅಂದುಬಿಡುತ್ತೇನೆ. ಅದು ನಿಜವೂ ಹೌದು.

ಗೆರೆ ಸ್ವಲ್ಪ ಹತೋಟಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅಜ್ಜಿ ಕೋಲಿನಿಂದ ನನ್ನ ಬೆನ್ನನ್ನು ಮೆಲ್ಲಗೆ ತಟ್ಟಿದಳು. ತಿವಿಯಲಿಲ್ಲ, ತಟ್ಟಿದಳು. ಅದಕ್ಕೇ ತಿರುಗಿ ನೋಡಿದೆ.

"ನನ್ ದೊಡ್ಡೋನ ಮುಖ ಬರ್ದುಕೊಡೇ," ಅಂದಳು.

ದೊಡ್ಡೋನು ಅಂದರೆ ನಂಜುಂಡ, ಅಪ್ಪನ ಅಣ್ಣ. ನಾನು ಹುಟ್ಟುವ ಮೊದಲೇ ಸತ್ತವನು. ಅವನ ಮಾತು ಮನೆಯಲ್ಲಿ ಆಡುವಂತಿರಲಿಲ್ಲ, ಆದರೆ ಊರಿನಲ್ಲಿ ಎಲ್ಲರೂ ಆಡುತ್ತಿದ್ದರು. ಹಾಗಾಗಿ ನನಗೂ ಗೊತ್ತಿತ್ತು. ಅಮ್ಮ ಈ ಮನೆಗೆ ಬಂದದ್ದು ಅವನ ಹೆಂಡತಿಯಾಗಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಿಸಿಲಲ್ಲಿ ತೋಟಕ್ಕೆ ಬುತ್ತಿ ಕೊಂಡುಹೋದ ಅಮ್ಮ ಎಳನೀರು ಬೇಕು ಅಂದಳಂತೆ. ಅವನು ಮರ ಹತ್ತಿದ, ಒಣಗಿದ ಗರಿ ಹಿಡಿದ, ಗರಿಯ ಜೊತೆ ಕೆಳಗೆ ಬಂದ. ಅಮ್ಮನ ಕಣ್ಣೆದುರಿಗೇ ಸತ್ತ. ತೌರಿಗೆ ಕಳಿಸಿದರೆ ನಾಳೆ ತೋಟದಲ್ಲಿ ಪಾಲು ಕೇಳಿಯಾಳು ಎಂದು ಊರ ಹಿರಿಯರು ಕೂತು ಮಾತಾಡಿ, ಅವಳನ್ನು ಮೈದುನನಿಗೇ, ಅಂದರೆ ನಮ್ಮಪ್ಪ ಗೋವಿಂದನಿಗೇ ಕಟ್ಟಿದರು. ಅಮ್ಮನನ್ನು ಯಾರೂ ಕೇಳಲಿಲ್ಲ, ಅಪ್ಪನನ್ನೂ ಕೇಳಲಿಲ್ಲ. ಮದುವೆಯಾದ ಮಾರನೆಯ ದಿನ ಅಪ್ಪ ಅಣ್ಣನ ಫೋಟೋಗಳನ್ನೆಲ್ಲ, ಗೋಡೆಯ ಮೇಲಿದ್ದದ್ದನ್ನೂ ಸೇರಿಸಿ, ಬಚ್ಚಲ ಒಲೆಗೆ ತೆಂಗಿನ ಮಟ್ಟೆಯ ಜೊತೆ ಹಾಕಿ, ಕಾದ ನೀರಲ್ಲಿ ಸ್ನಾನ ಮಾಡಿದನಂತೆ. ಇದನ್ನು ನನಗೆ ಹೇಳಿದವಳು ಅಜ್ಜಿ. ನೆಂಟರ ಮನೆಯ ಆಲ್ಬಮಿನಲ್ಲಿ ಉಳಿದಿದ್ದ ಒಂದೇ ಒಂದು ಚಿತ್ರದಲ್ಲಿ ಅವನ ಮುಖಕ್ಕೆ ಅಕ್ಷತೆ ಹಾಕುವ ಯಾರದೋ ಕೈ ಅಡ್ಡ ಬಂದಿತ್ತು.

"ನಾನು ಅವರನ್ನ ನೋಡಿಲ್ಲವಲ್ಲ ಅಜ್ಜಿ."

"ನಾನು ಹೇಳ್ತೀನಿ. ನೀನು ಬರಿ. ಅದಕ್ಕೇನಂತೆ?"

ಅಂದಿನಿಂದ ಶಾಲೆ ಬಿಟ್ಟು ಬಂದವಳು ಕೈಕಾಲು ತೊಳೆದು ಆ ಮೇಜಿನ ಮುಂದೆ ಕೂರಬೇಕಾಯಿತು. ನನಗೂ ಅದು ಬೇಕಿತ್ತು. ಆ ಮನೆಯಲ್ಲಿ ನನ್ನಿಂದ ಯಾರಾದರೂ ಏನಾದರೂ ಬಯಸಿದ್ದು ಅದೇ ಮೊದಲು. ಅಜ್ಜಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ, ಅವಳು ಕಣ್ಣು ತೆರೆದು ನೋಡಿ ಬಯ್ಯುತ್ತಿದ್ದಳು. ಹಣೆ ಅಗಲ ಅಂದಳು, ಅಗಲ ಮಾಡಿದೆ. ಮಾರನೆಯ ದಿನ ಅದು ಹಣೆಯಾ ಹಸೆಮಣೆಯಾ ಅಂದಳು. ಕಣ್ಣು ದೊಡ್ಡದು ಅಂದಳು, ದೊಡ್ಡದು ಮಾಡಿದರೆ ಅವು ಮನುಷ್ಯನ ಕಣ್ಣಲ್ಲ, ತೆಂಗಿನಕಾಯಿ ಕಣ್ಣು ಎಂದು ಕೋಲಿನಿಂದ ತಿವಿದಳು. ಮೂಗಿನ ವಿಷಯಕ್ಕೆ ಬಂದರೆ ಅಪ್ಪನ ಮೂಗನ್ನು ಎಳೆದು ತರದೆ ಬಿಡುತ್ತಿರಲಿಲ್ಲ. ಚಿಕ್ಕೋನ ಹಾಗೆ ಕಣಿವೆ ಬಿದ್ದ ಮೂಗಲ್ಲ ಅವನದು, ಚಿಕ್ಕೋನು ಹುಟ್ಟಿದಾಗ ಸೂಲಗಿತ್ತಿಯೇ ಮುಖ ತಿರುಗಿಸಿದಳು ಎಂದು ಅಪ್ಪ ಜಗಲಿಯ ಮೇಲೆ ಕೂತಿರುವಾಗಲೇ ಹೇಳುತ್ತಿದ್ದಳು. ನಾನು ಬರೆದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪದರವಾಗಿ ಇಟ್ಟಿದ್ದೆ. ಎಲ್ಲವನ್ನೂ ಒಟ್ಟಿಗೆ ಕಾಣುವಂತೆ ಮಾಡಿದರೆ ಬಹಳ ಕಣ್ಣುಗಳ, ಬಹಳ ಬಾಯಿಗಳ ಒಂದು ಮಸುಕು ಮುಖ ಎದ್ದು ಕೂರುತ್ತಿತ್ತು. ನನಗೇ ಭಯವಾಗಿ ಬೇಗ ಬೇಗ ಮುಚ್ಚುತ್ತಿದ್ದೆ. ಇದ್ದಕ್ಕಿದ್ದಂತೆ ಕರೆಂಟು ಹೋಗಿ ಒಂದು ದಿನದ ಕೆಲಸವೆಲ್ಲ ಅಳಿಸಿಹೋದರೆ ಅಜ್ಜಿ ನಗುತ್ತಿದ್ದಳು.

"ಒಳ್ಳೇದಾಯ್ತು ಬುಡು. ಅಂಥ ಮುಖ ಇಟ್ಕಂಡು ಏನ್ ಮಾಡ್ಬೇಕಿತ್ತು?"

ಆದರೂ ಹೇಳುತ್ತೇನೆ, ಆ ತಿಂಗಳುಗಳಲ್ಲಿ ನನ್ನ ಕೈ ಪಳಗಿತು. ಪೆನ್ನನ್ನು ಮೆಲ್ಲಗೆ ಊರಿದರೆ ಕೂದಲೆಳೆ, ಒತ್ತಿದರೆ ಹುಬ್ಬು ಎಂದು ಕೈಗೆ ಗೊತ್ತಾಯಿತು. ಹಲಗೆಯ ನಡುಭಾಗ ಉಜ್ಜಿ ಉಜ್ಜಿ ಬೆಳ್ಳಗಾಯಿತು. ಕೈ ನೋಡುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ. ಬಯ್ಗುಳ ಕೇಳುತ್ತಲೇ ಬರೆಯುವುದು, ಅಳು ಬಂದರೂ ಗೆರೆ ನಡುಗದ ಹಾಗೆ ನೋಡಿಕೊಳ್ಳುವುದು ರೂಢಿಯಾಯಿತು. ಶಾಲೆಯಲ್ಲಿ ಮೇಷ್ಟರು ಬೈದರೆ ಉಳಿದ ಹುಡುಗಿಯರು ಅಳುತ್ತಿದ್ದರು, ನನಗೆ ಮೇಷ್ಟರ ಮೂಗಿನ ಹೊಳ್ಳೆ ಸಿಟ್ಟಿನಲ್ಲಿ ಹೇಗೆ ಅರಳುತ್ತದೆ ಅನ್ನುವುದೇ ಕಾಣುತ್ತಿತ್ತು.

ಅಮ್ಮ ಈ ಯಾವುದಕ್ಕೂ ಬಾಯಿ ಹಾಕಿರಲಿಲ್ಲ. ಕಸ ಗುಡಿಸುವಾಗಲೂ ಪರದೆಯ ಕಡೆ ಬೆನ್ನು ಮಾಡಿಯೇ ಗುಡಿಸುತ್ತಿದ್ದಳು. ಒಂದು ಸಂಜೆ ಅಜ್ಜಿಗೆ ಹಾಲು ತಂದವಳು, ಲೋಟ ಕೊಟ್ಟು ತಿರುಗುವಾಗ ಅವಳ ಕಣ್ಣು ಪರದೆಯ ಮೇಲೆ ಬಿತ್ತು. ನಾನು ಬಾಯಿ ಬರೆಯುತ್ತಿದ್ದೆ. ಅಮ್ಮ ನಿಂತಳು. ತನಗೇ ಹೇಳಿಕೊಳ್ಳುವವಳ ಹಾಗೆ ಮೆಲ್ಲಗೆ ಅಂದಳು:

"ನಗದಿದ್ರೂ ಬಲಗಡೆ ತುಟಿ ಕೊನೆ ಒಂಚೂರು ಮೇಲಿರ್ತಿತ್ತು."

ನಾನು ಹಾಗೇ ತಿದ್ದಿದೆ. ಒಂದು ಸಣ್ಣ ಗೆರೆ ಅಷ್ಟೇ. ಅದುವರೆಗೆ ಹಲಗೆಯಂತಿದ್ದ ಮುಖಕ್ಕೆ ಜೀವ ಬಂದ ಹಾಗಾಯಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಹಿಂದೆ ಹೊಸ್ತಿಲ ಮೇಲೆ ಅಪ್ಪ ನಿಂತಿದ್ದ, ಹೆಗಲ ಮೇಲೆ ಮಚ್ಚು, ಕೈಯಲ್ಲಿ ಒಂದು ಗೊನೆ ಬಾಳೆ. ಅಜ್ಜಿ ಅವನನ್ನು ಮೊದಲೇ ಕಂಡಿದ್ದಳು ಅನ್ನುವುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಹಾಲಿನ ಲೋಟ ಕೆಳಗಿಟ್ಟು ಕೂಗಿ ಹೇಳಿದಳು:

"ಕೇಳಿಸ್ಕಂಡ್ಯೇನ್ಲಾ ಗೋವಿಂದ? ನಿನ್ ಹೆಂಡ್ತಿಗೆ ಅವನ ತುಟಿ ಇನ್ನೂ ಗ್ಯಾನದಾಗೈತೆ!"

ಅಪ್ಪ ಬಾಳೆಗೊನೆಯನ್ನು ಗೋಡೆಗೆ ಒರಗಿಸಿ, ಬಂದ ದಾರಿಯಲ್ಲೇ ವಾಪಸು ಹೋದ. ಅವತ್ತಿನಿಂದ ಅವನು ಅಮ್ಮನ ಕೈಯಿಂದ ಬಡಿಸಿಕೊಳ್ಳಲಿಲ್ಲ. ತಾನೇ ಒಲೆಯ ಮುಂದೆ ಹೋಗಿ ಮುದ್ದೆ ಹಾಕಿಕೊಂಡು, ಸಾರು ಬಿಟ್ಟುಕೊಂಡು, ತಟ್ಟೆ ಹಿಡಿದು ಜಗಲಿಗೆ ಹೋಗುತ್ತಿದ್ದ. ಅಮ್ಮ ಸೌಟು ಹಿಡಿದು ಪಕ್ಕದಲ್ಲಿ ನಿಂತಿದ್ದರೆ ಅವಳು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಅವಳನ್ನು ಬಳಸಿ ಹೋಗುತ್ತಿದ್ದ. ಮಾತು ಮೊದಲೇ ಕಡಿಮೆ, ಅದೂ ನಿಂತಿತು. ಅವಳಿಗೆ ಹೇಳಬೇಕಾದದ್ದನ್ನೆಲ್ಲ ನನಗೆ ಹೇಳುತ್ತಿದ್ದ. ದಿನಾ ಸಂಜೆ ಕಾಲು ತೊಳೆದು ಒಳಗೆ ಬರುವಾಗ, ಅಮ್ಮನಿಗೆ ಕೇಳುವ ಹಾಗೆ, ನನ್ನನ್ನು ಕೇಳುತ್ತಿದ್ದ:

"ಎಲ್ಲಿಗಂಟ ಬಂದ್ರಮ್ಮ ನಿಮ್ಮಪ್ಪ? ಕತ್ತು ಮುಗೀತಾ?"

ದೊಡ್ಡೋನಿಗೆ ನಿಮ್ಮಪ್ಪ ಅನ್ನುವುದನ್ನು ಅವನು ಬಹಳ ಮರ್ಯಾದೆಯಿಂದ ಹೇಳುತ್ತಿದ್ದ. ನಾನು ಬರೆಯುವುದನ್ನು ನಿಲ್ಲಿಸಲು ನೋಡಿದೆ. ಪರೀಕ್ಷೆ ಇದೆ ಅಂದೆ, ಕೈನೋವು ಅಂದೆ. ನಿಲ್ಲಿಸಿದ ದಿನ ಅಜ್ಜಿ ಊಟ ಮುಟ್ಟಲಿಲ್ಲ. ಅಮ್ಮ ತಿನ್ನಿಸಲು ಹೋದರೆ ತುತ್ತನ್ನು ಅಮ್ಮನ ಮುಖಕ್ಕೇ ಉಗಿದಳು. ಕೆನ್ನೆಯ ಮೇಲಿನ ಅನ್ನವನ್ನು ಒರೆಸಿಕೊಳ್ಳುತ್ತ ಅಮ್ಮ ಅಡುಗೆಮನೆಯಿಂದ ನನಗೆ ಕೂಗಿ ಹೇಳಿದಳು:

"ಮುಗಿಸಿ ಬಿಸಾಕೇ ಅದನ್ನ. ಯಾವುದೋ ಒಂದು ಮುಖ ಬರ್ದು ಮುಗಿಸು."

ಯಾವುದೋ ಒಂದು ಮುಖ ಎಲ್ಲಿಂದ ತರುವುದು? ಭಾನುವಾರ ಮಧ್ಯಾಹ್ನ ಅಪ್ಪ ಉಂಡು ಜಗಲಿಯ ಮೇಲೆ ಮಲಗಿದ್ದ. ನೀರು ಕುಡಿಯಲು ಎದ್ದವಳು ಅವನನ್ನು ನೋಡಿದೆ. ಎಚ್ಚರವಿದ್ದಾಗ ಅವನ ಮುಖವನ್ನು ನೆಟ್ಟ ನೋಟದಿಂದ ನೋಡುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ನಿದ್ದೆಯಲ್ಲಿ ಹುಬ್ಬಿನ ಗಂಟು ಬಿಚ್ಚಿತ್ತು, ದವಡೆ ಸಡಿಲವಾಗಿತ್ತು. ಬಿಸಿಲು ಗರಿಗಳ ನಡುವಿಂದ ಬಂದು ಕೆನ್ನೆಯ ಮೇಲೆ ಆಡುತ್ತಿತ್ತು. ಅಣ್ಣತಮ್ಮಂದಿರು, ಒಂದೇ ಹೊಟ್ಟೆಯವರು, ಎಷ್ಟಾದರೂ ಹೋಲಿಕೆ ಇರಲೇಬೇಕು ಎಂದುಕೊಂಡೆ. ಒಳಗೆ ಹೋಗಿ ಹುಬ್ಬು ಬರೆದೆ. ಮತ್ತೆ ಹೊರಗೆ ಬಂದು ನೋಡಿ, ಒಳಗೆ ಹೋಗಿ ಕಣ್ಣಿನ ಗುಳಿ ಬರೆದೆ. ನೀರಿನ ನೆಪದಲ್ಲಿ, ಬೆಕ್ಕಿನ ನೆಪದಲ್ಲಿ ಹೊಸ್ತಿಲು ದಾಟಿ ದಾಟಿ, ನೋಡಿದ್ದನ್ನು ಮರೆಯುವ ಮೊದಲು ಪರದೆಗೆ ತಂದು ಹಾಕಿದೆ. ವಯಸ್ಸು ಇಳಿಸಿದೆ, ಕೂದಲು ತುಂಬಿದೆ, ಮೂಗಿನ ಕಣಿವೆಯನ್ನು ಸ್ವಲ್ಪ ಎತ್ತರಿಸಿದೆ. ಬಾಯಿ ಮಾತ್ರ ಅಮ್ಮ ಹೇಳಿದ್ದೇ ಉಳಿಯಿತು. ಕೈ ಎಲ್ಲೂ ತಡೆಯಲಿಲ್ಲ. ಅಷ್ಟು ದಿನ ಇಲ್ಲದ ಮುಖವನ್ನು ಹುಡುಕುತ್ತಿದ್ದವಳಿಗೆ ಇರುವ ಮುಖವೊಂದು ಸಿಕ್ಕಿತ್ತು. ಆ ಮಧ್ಯಾಹ್ನ ನನಗೆ ಆದ ಸಂತೋಷವನ್ನು ನಾನು ಆಮೇಲೆ ಎಷ್ಟೋ ಚಿತ್ರಗಳಲ್ಲಿ ಹುಡುಕಿದ್ದೇನೆ.

ಅಜ್ಜಿ ಬಹಳ ಹೊತ್ತು ನೋಡಿದಳು. ಮಂಚದ ಮೇಲಿಂದ ತಲೆಯೆತ್ತಿಸು ಅಂದಳು, ದಿಂಬು ಕೊಟ್ಟು ಎತ್ತಿಸಿದೆ. ಪರದೆ ನೋಡಿದಳು, ಬಾಗಿಲಾಚೆ ಜಗಲಿಯ ಕಡೆ ನೋಡಿದಳು, ಮತ್ತೆ ಪರದೆ ನೋಡಿದಳು. ಕೋಲು ಮುಟ್ಟಲಿಲ್ಲ.

"ಇವನೇ," ಅಂದಳು. "ಇವನೇ ಕಣೇ. ನಿಮ್ಮಾವನ್ಗೆ ಹೇಳಿ ದೊಡ್ಡದಾಗಿ ಕಟ್ಟು ಹಾಕ್ಸು."

ಮಾವ ಅದನ್ನು ಬಣ್ಣದಲ್ಲಿ ದೊಡ್ಡದಾಗಿ ತೆಗೆಸಿ, ಚಿನ್ನದ ಬಣ್ಣದ ಕಟ್ಟು ಹಾಕಿಸಿ ತಂದ. ಅಜ್ಜಿ ಹೇಳಿದ ಜಾಗದಲ್ಲೇ ಮೊಳೆ ಹೊಡೆದರು, ನಡುಮನೆಯ ಕಂಬದ ಪಕ್ಕ, ಎಲ್ಲಿಂದ ಎಲ್ಲಿಗೆ ಹೋದರೂ ಕಾಣುವ ಹಾಗೆ. ಗಂಧದ ಹಾರ ಹಾಕಿಸಿದಳು. ದಂಡಿನಶಿವರದಿಂದ ಬಂದ ಅಜ್ಜಿಯ ತಂಗಿ ಬಾಗಿಲಲ್ಲೇ ನಿಂತು, ಅಯ್ಯೋ ನನ್ನಪ್ಪ, ಅಚ್ಚು ನಂಜುಂಡಾನೇ ಎಂದು ಅತ್ತಳು. ಬಂದ ನೆಂಟರೆಲ್ಲ ಕೈಮುಗಿದರು. ದಿನಾ ಬೆಳಗ್ಗೆ ದೀಪ ಹಚ್ಚಬೇಕೆಂದು ಅಮ್ಮನಿಗೆ ಅಪ್ಪಣೆಯಾಯಿತು.

ಮೊದಲ ದಿನ ದೀಪ ಹಚ್ಚಲು ಕೈಯೆತ್ತಿದ ಅಮ್ಮ ಮುಖವನ್ನು ಹತ್ತಿರದಿಂದ ನೋಡಿದಳು. ಕಡ್ಡಿ ಬೆರಳಿನತನಕ ಉರಿದುಬಂದರೂ ಹಾಗೇ ನಿಂತಿದ್ದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಕೇಳಿದಳು:

"ಯಾರನ್ನ ನೋಡಿ ಬರ್ದೆ?"

"ಅಪ್ಪ ಮಲಗಿದ್ರಲ್ಲ..."

ಮಾತು ಮುಗಿಸುವ ಮೊದಲೇ ಕೆನ್ನೆಗೆ ಬಿತ್ತು. ಅಮ್ಮ ನನಗೆ ಹೊಡೆದದ್ದು ಅದೇ ಮೊದಲು, ಅದೇ ಕೊನೆ.

"ಬದುಕಿರೋ ಮನುಷ್ಯನ್ಗೆ ಹಾರ ಹಾಕ್ಸಿದ್ಯಲ್ಲೇ," ಅಂದಳು. "ಇನ್ಮೇಲೆ ದಿನಾ ನಿಮ್ಮಜ್ಜಿ ನನ್ ಕೈಯಲ್ಲೇ ದೀಪ ಹಚ್ಚಿಸ್ತಾಳೆ." ಒಲೆಯ ಮುಂದೆ ಕೂತು ಕೊಳ್ಳಿ ಒಳಕ್ಕೆ ತಳ್ಳಿದಳು. "ಯಾರ ಹತ್ರಾನೂ ಬಾಯಿ ಬಿಡಬೇಡ," ಅಂದಳು.

ಆಮೇಲಿನ ದಿನಗಳಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡು ದೀಪ ಹಚ್ಚುತ್ತಿದ್ದಳು. ಅಪ್ಪ ಆ ಗೋಡೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನ ಪಾಲಿಗೆ ಅದು ಅಣ್ಣ. ಅಜ್ಜಿ ಮಂಚದ ಮೇಲಿಂದ ಚಿತ್ರವನ್ನೂ ಅಪ್ಪನನ್ನೂ ಒಂದೇ ನೋಟದಲ್ಲಿ ನೋಡುತ್ತ ಎಲೆಯಡಿಕೆ ಜಗಿಯುತ್ತಿದ್ದಳು. ಸೊಂಟ ಮುರಿದ ಮೇಲೆ ಅವಳು ಅಷ್ಟು ನೆಮ್ಮದಿಯಾಗಿ ಇದ್ದದ್ದನ್ನು ನಾನು ಕಂಡಿರಲಿಲ್ಲ. ಬಯ್ಗುಳವೂ ಕಡಿಮೆಯಾಯಿತು. ನನ್ನ ಚಿತ್ರದಿಂದ ಮನೆಗೆ ಶಾಂತಿ ಬಂತು ಎಂದು ನಾನು ಕೆಲವು ದಿನ ನಂಬಿದ್ದೆ.

ಪಿತೃಪಕ್ಷ ಬಂತು. ನಮ್ಮ ಕಡೆ ಸತ್ತ ಹಿರಿಯರಿಗೆ ಅವರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಬಟ್ಟೆ ಇಟ್ಟು, ಎಲೆಯಲ್ಲಿ ಎಡೆ ಬಡಿಸಿ ಧೂಪ ಹಾಕುತ್ತಾರೆ. ಸತ್ತವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ. ಅದಾಗುವತನಕ ಮನೆಯವರು ಆ ಎಲೆ ಮುಟ್ಟುವಂತಿಲ್ಲ. ಆ ವರ್ಷ ಅಜ್ಜಿ ದೊಡ್ಡೋನಿಗೇ ಒಂದು ಪ್ರತ್ಯೇಕ ಎಡೆ ಆಗಬೇಕು ಅಂದಳು. ಕುರಿ ಕೊಯ್ಯಿಸಿದಳು. ನೆಂಟರನ್ನು ಕರೆಸಿದಳು. ಬೆಳಗ್ಗೆಯಿಂದ ಅಮ್ಮ ಬೆವರು ಸುರಿಸಿಕೊಂಡು ಬಾಡಿನ ಸಾರು, ಮುದ್ದೆ, ಕಜ್ಜಾಯ ಎಂದು ಒಲೆಯ ಮುಂದಿದ್ದಳು. ಅಪ್ಪ ಪೂಜೆಗೆಂದು ಗಡ್ಡ ಹೆರೆದುಕೊಳ್ಳುತ್ತಿದ್ದ. ಅವನ ಕನ್ನಡಿ ನೇತುಹಾಕುವ ಮೊಳೆ ಇದ್ದದ್ದು ಚಿತ್ರದ ಪಕ್ಕದ ಕಂಬದಲ್ಲೇ. ಚಿತ್ರ ಬಂದ ಮೇಲೆ ಜಗಲಿಯಲ್ಲಿ ಹೆರೆದುಕೊಳ್ಳುತ್ತಿದ್ದವನು, ಅವತ್ತು ಅಲ್ಲಿ ನೆಂಟರು ತುಂಬಿದ್ದರಿಂದ ಒಳಗೆ ಬಂದಿದ್ದ. ಬ್ಲೇಡು ಕೆನ್ನೆಯ ಮೇಲೆ ಇಳಿಯುತ್ತ ಇಳಿಯುತ್ತ ನಿಂತಿತು. ಅರ್ಧ ಮುಖಕ್ಕೆ ಸೋಪಿನ ನೊರೆ, ಅರ್ಧ ಮುಖ ಬೋಳು. ಅವನು ಕನ್ನಡಿ ನೋಡಿದ, ಪಕ್ಕದ ಚಿತ್ರ ನೋಡಿದ. ಹುಬ್ಬನ್ನು ಬೆರಳಲ್ಲಿ ಮುಟ್ಟಿಕೊಂಡ, ಕಣ್ಣಿನ ಕೆಳಗಿನ ಗುಳಿಯನ್ನು ಮುಟ್ಟಿಕೊಂಡ. ನಾನು ಬಾಳೆಲೆ ಒರೆಸುತ್ತ ಅಲ್ಲೇ ಕೂತಿದ್ದೆ. ಅವನು ಉಳಿದರ್ಧವನ್ನು ನಿಧಾನವಾಗಿ ಹೆರೆದು, ಮುಖ ತೊಳೆದು, ಬಿಳಿ ಪಂಚೆ ಉಟ್ಟು ಬಂದ.

ಎಡೆ ಇಟ್ಟಾಯಿತು. ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿ ತಂದು ಚಿತ್ರದ ಎದುರಿಗೆ ಕೂರಿಸಿದ್ದರು. ಧೂಪ ಹಾಕಬೇಕಾದವನು ಅಪ್ಪ. ಅವನು ಕೆಂಡದ ತಟ್ಟೆಯನ್ನು ಕೆಳಗಿಟ್ಟ.

"ಅವ್ವಾ, ಸರ್ಯಾಗಿ ನೋಡವ್ವ," ಅಂದ. ದನಿ ಏರಿರಲಿಲ್ಲ. "ಇದು ಅಣ್ಣ ಅಲ್ಲ. ನಾನು. ಬದುಕಿರೋ ಮಗನ್ಗೆ ಹಾರ ಹಾಕ್ಸಿ ಎಡೆ ಇಕ್ಕಿಸ್ತಿದೀಯ. ಈ ಮಗೀಗೆ ತಿಳೀಲಿಲ್ಲ, ನಿಂಗೂ ಕಾಣ್ಲಿಲ್ವಾ?"

ನೆಂಟರೆಲ್ಲ ಒಮ್ಮೆಗೇ ಚಿತ್ರದ ಕಡೆ ನೋಡಿದರು. ಅಜ್ಜಿಯ ತಂಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಜ್ಜಿ ಅಳುತ್ತಾಳೆ, ಕಣ್ಣು ಮಂಜು ಅನ್ನುತ್ತಾಳೆ, ನನಗೆ ಕೋಲು ಬೀಸುತ್ತಾಳೆ ಎಂದು ನಾನು ಕಾದೆ. ಅವಳು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಕಾಣ್ದೆ ಏನ್ಲಾ. ಹೆತ್ತೋಳು ನಾನು," ಅಂದಳು. "ಅವತ್ತೇ ಕಂಡೆ. ಹೋಗ್ಬೇಕಾದೋನು ಹೋಗಿದ್ರೆ ಹೆಂಗಿರ್ತಿತ್ತು ಅಂತ ನೋಡ್ಕಂತಿದ್ದೆ."

ಕೆಂಡಕ್ಕೆ ಹಾಕಬೇಕಿದ್ದ ಸಾಂಬ್ರಾಣಿ ಪೊಟ್ಟಣದಲ್ಲೇ ಇತ್ತು. ಅಪ್ಪ ಚಿತ್ರ ಕಿತ್ತು ಎಸೆಯುತ್ತಾನೆ, ಇಲ್ಲ ಹೊರಗೆ ಹೋಗಿಬಿಡುತ್ತಾನೆ ಎಂದು ನನಗನ್ನಿಸಿತು. ಹಾಗೇನೂ ಮಾಡಲಿಲ್ಲ. ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡು, ಚಿತ್ರಕ್ಕೆ ಬೆನ್ನು ಹಾಕಿ, ಆ ಎಡೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ.

"ಇಕ್ಕಿರೋದು ನಂಗೇ ತಾನೆ," ಅಂದ.

"ಮುಟ್ಬೇಡ ಕಣ್ಲಾ! ಎಡೆ ಕಣ್ಲಾ ಅದು!" ಅಜ್ಜಿಯ ದನಿಯಲ್ಲಿ ಮೊದಲ ಸಲ ಹೆದರಿಕೆ ಇತ್ತು.

ಅಪ್ಪ ಮುದ್ದೆ ಮುರಿದ. ಸಾರಿಗೆ ಅದ್ದಿ ನುಂಗಿದ. ಮೂಳೆ ಹಿಡಿದು ಚೀಪಿದ. ಹಸಿದು ತೋಟದಿಂದ ಬಂದ ದಿನ ಉಣ್ಣುವ ಹಾಗೆಯೇ, ಅವಸರವಿಲ್ಲದೆ, ತಲೆಯೆತ್ತದೆ ಉಂಡ. ಸತ್ತವರ ಎಲೆಯಿಂದ ಬದುಕಿರುವ ಮನುಷ್ಯ ಉಣ್ಣುವುದನ್ನು ನೆಂಟರು ಗೋಡೆಗೆ ಒತ್ತಿಕೊಂಡು ನೋಡಿದರು. ಅಜ್ಜಿ ಕುರ್ಚಿಯ ಕೈಗಳನ್ನು ಹಿಡಿದು ಏಳಲು ನೋಡಿದಳು, ಕಾಲು ಏಳಲಿಲ್ಲ.

"ಜಯಾ, ಎಬ್ಬಿಸೇ ಅವನ್ನ. ನಿನ್ ಗಂಡ ಕಣೇ, ಹೇಳೇ, ಎಬ್ಬಿಸೇ!" ಎಂದು ಅಮ್ಮನಿಗೆ ಕೂಗಿದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಅಜ್ಜಿಯನ್ನು ಒಮ್ಮೆ ನೋಡಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ಅಪ್ಪನ ಪಕ್ಕ ಬಗ್ಗಿ, ಸೌಟು ಅದ್ದಿ, ಎಷ್ಟೋ ತಿಂಗಳ ಮೇಲೆ ಅವನೊಡನೆ ಮಾತಾಡಿದಳು.

"ಇನ್ನೆರಡು ತುಂಡು ಹಾಕ್ಲಾ?"

ಅಪ್ಪ ಎಲೆಯನ್ನು ಅವಳ ಕಡೆ ಸರಿಸಿದ.

"ಹಾಕು."